ಪಿಟ್‌ಕೇರ್ನ್ ದ್ವೀಪದ ಸುಪ್ರೀಂ ಕೋರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನ ಇರುವ ದ್ವೀಪ. ಅದಕ್ಕೆ ಸ್ವಂತ ಸುಪ್ರೀಂ ಕೋರ್ಟ್, ಅದರ ಮೇಲೆ ಅಪೀಲು ಕೋರ್ಟ್ ಬೇರೆ. ಇದನ್ನು ಹೇಳಿದಾಗ ಹೆಚ್ಚಿನವರು ಮೊದಲು ನಂಬುವುದಿಲ್ಲ, ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಮಧ್ಯದ ಕೆಲವು ಉತ್ತರಗಳಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಿನ ವಿಷಯ ಬರುತ್ತದೆ. ವಿವರಗಳಿಗೆ ಹೋಗಿಲ್ಲ, ಆದರೆ ಆ ಕೇಸನ್ನು ಬಿಟ್ಟು ಈ ಕೋರ್ಟಿನ ಬಗ್ಗೆ ಮಾತಾಡಲು ಆಗುವುದಿಲ್ಲ.

ಪಿಟ್‌ಕೇರ್ನ್ ಎಲ್ಲಿದೆ? ಅಲ್ಲಿಗೆ ಹೋಗುವುದು ಹೇಗೆ?

ದಕ್ಷಿಣ ಪೆಸಿಫಿಕ್‌ನಲ್ಲಿ, ನ್ಯೂಜಿಲೆಂಡ್‌ನಿಂದ 5,000 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿದೆ. ಪಿಟ್‌ಕೇರ್ನ್, ಹೆಂಡರ್ಸನ್, ಡ್ಯೂಸಿ, ಓಯೆನೊ ಅಂತ ನಾಲ್ಕು ದ್ವೀಪಗಳು ಸೇರಿ ಬ್ರಿಟನ್ನಿನ ಒಂದು ಸಾಗರೋತ್ತರ ಪ್ರದೇಶ. ಜನ ಇರುವುದು ಪಿಟ್‌ಕೇರ್ನ್‌ನಲ್ಲಿ ಮಾತ್ರ. ಅದರ ವಿಸ್ತೀರ್ಣ 5 ಚದರ ಕಿಲೋಮೀಟರ್ ಕೂಡ ಇಲ್ಲ.

ವಿಮಾನ ನಿಲ್ದಾಣ ಇಲ್ಲ. ಮೊದಲು ತಹೀತಿಗೆ ಹೋಗಬೇಕು. ಅಲ್ಲಿಂದ ಸಣ್ಣ ವಿಮಾನದಲ್ಲಿ ಫ್ರೆಂಚ್ ಪಾಲಿನೇಷ್ಯಾದ ಮಂಗರೇವಾ ಕಡೆಗೆ, ಆಮೇಲೆ ಹಡಗಿನಲ್ಲಿ ಒಂದು ದಿನಕ್ಕೂ ಮಿಕ್ಕಿದ ಪ್ರಯಾಣ. ಹಡಗು ದಡಕ್ಕೆ ಬರುವ ಹಾಗಿಲ್ಲ, ದೂರದಲ್ಲೇ ನಿಲ್ಲುತ್ತದೆ. ದ್ವೀಪದವರು ಲಾಂಗ್‌ಬೋಟ್ ಎಂಬ ಉದ್ದನೆಯ ದೋಣಿ ತಂದು, ಅಲೆ ನೋಡಿಕೊಂಡು, ಬೌಂಟಿ ಬೇ ಎಂಬ ಸಣ್ಣ ಕೊಲ್ಲಿಗೆ ನಿಮ್ಮನ್ನು ಮುಟ್ಟಿಸುತ್ತಾರೆ. ಅಲ್ಲಿಂದ ದ್ವೀಪದ ಏಕೈಕ ಊರಾದ ಆಡಮ್ಸ್‌ಟೌನ್‌ಗೆ ಕಡಿದಾದ ಏರು. ಅದಕ್ಕೆ ದ್ವೀಪದವರು ಇಟ್ಟ ಹೆಸರು ಹಿಲ್ ಆಫ್ ಡಿಫಿಕಲ್ಟಿ. ನ್ಯಾಯಾಧೀಶರು, ವಕೀಲರು, ಫೈಲುಗಳು ಎಲ್ಲವೂ ಇದೇ ದಾರಿಯಲ್ಲಿ ಬರಬೇಕು. ಮುಂದಿನ ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಅಲ್ಲಿರುವ ಜನ ಯಾರು?

1789ರಲ್ಲಿ ಬ್ರಿಟಿಷ್ ನೌಕಾಪಡೆಯ ಬೌಂಟಿ ಹಡಗಿನಲ್ಲಿ ನಾವಿಕರು ದಂಗೆ ಎದ್ದು ಕ್ಯಾಪ್ಟನ್ ವಿಲಿಯಂ ಬ್ಲೈನನ್ನು ದೋಣಿಯಲ್ಲಿ ಬಿಟ್ಟುಬಿಟ್ಟರು. ಅವರಲ್ಲಿ ಒಂಬತ್ತು ಮಂದಿ ಪಾಲಿನೇಷ್ಯಾದ ಗಂಡಸರು ಮತ್ತು ಹೆಂಗಸರನ್ನು ಕರೆದುಕೊಂಡು 1790ರ ಜನವರಿಯಲ್ಲಿ ಪಿಟ್‌ಕೇರ್ನ್‌ಗೆ ಬಂದರು. ಸಿಕ್ಕಿಬಿದ್ದರೆ ನೇಣು ಖಚಿತ ಅಂತ ಹಡಗಿಗೆ ಬೆಂಕಿ ಇಟ್ಟರು. ಈಗಿನ ನಿವಾಸಿಗಳಲ್ಲಿ ಬಹುತೇಕರು ಅವರ ವಂಶದವರು. ದಂಗೆಯ ಮುಂದಾಳು ಫ್ಲೆಚರ್ ಕ್ರಿಶ್ಚಿಯನ್‌ನ ಮನೆತನದ ಹೆಸರು ಇವತ್ತಿಗೂ ಅಲ್ಲಿದೆ.

ಇಷ್ಟು ಕಡಿಮೆ ಜನರಿಗೆ ಸುಪ್ರೀಂ ಕೋರ್ಟ್ ಯಾಕೆ ಬೇಕು?

ಜನ ಕಡಿಮೆ ಇರುವುದಕ್ಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಊರಿನಲ್ಲಿ ಜಡ್ಜ್ ಯಾರೋ, ಪೊಲೀಸ್ ಯಾರೋ, ದೂರು ಕೊಡುವವರು ಯಾರೋ. ಪಿಟ್‌ಕೇರ್ನ್‌ನಲ್ಲಿ ಎಲ್ಲರೂ ಒಂದೇ ನಾಲ್ಕೈದು ಮನೆತನದವರು. ಊರಿನ ಯಜಮಾನನ ಮೇಲೆ ದೂರು ಕೊಡಬೇಕಾದರೆ ಯಾರಿಗೆ ಕೊಡುವುದು? ಅವನಿಗೇ, ಇಲ್ಲವೇ ಅವನ ಅಣ್ಣತಮ್ಮಂದಿರಿಗೆ. ಹೊರಗಿನಿಂದ ಬರುವ ನ್ಯಾಯಾಧೀಶರು ಇಲ್ಲದಿದ್ದರೆ, ಅಂಥ ಕಡೆ ದುರ್ಬಲರ ಪಾಲಿಗೆ ಕಾನೂನು ಇದ್ದೂ ಇಲ್ಲದ ಹಾಗೆ. ಇದು ಸುಮ್ನೆ ಹೇಳುವ ಮಾತಲ್ಲ, ಪಿಟ್‌ಕೇರ್ನ್‌ನಲ್ಲಿ ನಿಜವಾಗಿ ಹಾಗೇ ಆಯಿತು.

ಹಾಗಾದರೆ ಮೊದಲು ಅಲ್ಲಿ ನ್ಯಾಯ ಹೇಳುತ್ತಿದ್ದವರು ಯಾರು?

1838ರಲ್ಲಿ ಬ್ರಿಟಿಷ್ ಯುದ್ಧನೌಕೆ ಫ್ಲೈನ ಕ್ಯಾಪ್ಟನ್ ರಸೆಲ್ ಎಲಿಯಟ್ ದ್ವೀಪಕ್ಕೆ ಬಂದ. ತಿಮಿಂಗಿಲ ಬೇಟೆಯ ಹಡಗಿನವರ ಕಾಟ ಜಾಸ್ತಿಯಾಗಿದೆ, ನಮಗೊಂದು ರಕ್ಷಣೆ ಬೇಕು ಅಂತ ಜನ ಕೇಳಿದರು. ಅವನು ಚಿಕ್ಕದೊಂದು ಕಟ್ಟಳೆ ಬರೆದುಕೊಟ್ಟ. ಪ್ರತಿ ವರ್ಷ ಒಬ್ಬ ಮ್ಯಾಜಿಸ್ಟ್ರೇಟನನ್ನು ಜನರೇ ಆರಿಸಬೇಕು. ಗಂಡಸರಿಗೂ ಹೆಂಗಸರಿಗೂ ಮತ ಹಾಕುವ ಹಕ್ಕು. ಮಕ್ಕಳು ಶಾಲೆಗೆ ಹೋಗಲೇಬೇಕು. 1838ರಲ್ಲಿ ಇದು ದೊಡ್ಡ ಮಾತು, ಅಲ್ವಾ? ಬ್ರಿಟನ್ನಿನ ಹೆಂಗಸರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿದ್ದೇ 1918ರಲ್ಲಿ, ಅದೂ ಎಲ್ಲರಿಗೂ ಅಲ್ಲ.

ಆ ಕಾಲದ ಕಟ್ಟಳೆಗಳಲ್ಲಿ ಬೆಕ್ಕಿನ ವಿಷಯವೂ ಇತ್ತು. ಬೆಕ್ಕು ಕೋಳಿ ಹಿಡಿಯುವುದನ್ನು ಕಣ್ಣಾರೆ ಕಂಡಿದ್ದರೆ ಸರಿ, ಇಲ್ಲದಿದ್ದರೆ ಅದನ್ನು ಕೊಂದವರಿಗೆ ದಂಡ. ಇಲಿಗಳ ಹಾವಳಿಗೆ ಬೆಕ್ಕೇ ಆಸರೆ. ಹಂದಿ, ನಾಯಿ, ಮರ ಕಡಿಯುವುದು, ಹೀಗೆ ಒಂದು ಸಣ್ಣ ಊರಿಗೆ ದಿನಾ ತಲೆನೋವಾಗುವ ಸಂಗತಿಗಳೇ ಆ ಕಟ್ಟಳೆಗಳಲ್ಲಿ ತುಂಬಿದ್ದವು.

ಈ ಏರ್ಪಾಟಿನಲ್ಲಿ ಒಂದು ದೊಡ್ಡ ತೊಡಕು ಇತ್ತು. ಮ್ಯಾಜಿಸ್ಟ್ರೇಟನೇ ಊರಿನ ಮುಖಂಡ, ಅವನೇ ನ್ಯಾಯ ಹೇಳುವವನು. 20ನೇ ಶತಮಾನದ ಕೊನೆಯವರೆಗೂ ಇದು ಹೀಗೇ ನಡೆಯಿತು. ಆಮೇಲಷ್ಟೇ ಮೇಯರ್ ಹುದ್ದೆ ಬೇರೆಯಾಯಿತು.

ದೊಡ್ಡ ಅಪರಾಧ ಆದರೆ ಏನು ಮಾಡುತ್ತಿದ್ದರು?

ಹೊರಗಿನಿಂದ ಅಧಿಕಾರಿ ಬರಬೇಕಿತ್ತು. 1897ರಲ್ಲಿ ದ್ವೀಪದಲ್ಲಿ ಒಬ್ಬ ಹೆಂಗಸು ಮತ್ತು ಮಗುವಿನ ಕೊಲೆ ಆಯಿತು. ಪಶ್ಚಿಮ ಪೆಸಿಫಿಕ್‌ನ ಬ್ರಿಟಿಷ್ ಹೈ ಕಮಿಷನರ್ ಕಡೆಯಿಂದ ವಿಚಾರಣೆ ನಡೆದು, 1898ರಲ್ಲಿ ತಪ್ಪಿತಸ್ಥನಿಗೆ ಫಿಜಿಯಲ್ಲಿ ಗಲ್ಲು ಶಿಕ್ಷೆ ಆಯಿತು. ಈ ಹಳೆಯ ಕೇಸು ನೂರು ವರ್ಷ ಕಳೆದ ಮೇಲೆ ಮತ್ತೆ ಲೆಕ್ಕಕ್ಕೆ ಬಂತು. ಬ್ರಿಟಿಷ್ ಕಾನೂನು ನಮಗೆ ಅನ್ವಯಿಸುವುದೇ ಇಲ್ಲ ಅಂತ ವಾದ ಎದ್ದಾಗ, 1898ರಲ್ಲೇ ಅನ್ವಯಿಸಿತ್ತು ಅನ್ನಲು ಇದೊಂದು ಸಾಕ್ಷಿ.

ಸುಪ್ರೀಂ ಕೋರ್ಟ್ ಯಾವಾಗ ಶುರುವಾಯಿತು?

ಕಾಗದದ ಮೇಲೆ 1970ರ ಸುಮಾರಿಗೆ. ಆ ವರ್ಷ ಫಿಜಿ ಸ್ವತಂತ್ರವಾಯಿತು. ಅಲ್ಲಿಯವರೆಗೆ ಫಿಜಿಯಿಂದ ನಡೆಯುತ್ತಿದ್ದ ಪಿಟ್‌ಕೇರ್ನ್ ಆಡಳಿತವನ್ನು ನ್ಯೂಜಿಲೆಂಡ್‌ನಲ್ಲಿರುವ ಬ್ರಿಟಿಷ್ ಹೈ ಕಮಿಷನರ್‌ಗೆ ವಹಿಸಿದರು. ಇವತ್ತಿಗೂ ಅವರೇ ಪಿಟ್‌ಕೇರ್ನ್‌ನ ಗವರ್ನರ್. ಕೋರ್ಟುಗಳನ್ನು ಸ್ಥಾಪಿಸುವ ಅಧಿಕಾರ ಗವರ್ನರ್‌ಗೆ ಬಂತು, ಸುಪ್ರೀಂ ಕೋರ್ಟಿನ ಹೆಸರೂ ಕಾನೂನಿನಲ್ಲಿ ಸೇರಿತು. ಆದರೆ ಸುಮಾರು ಮೂವತ್ತು ವರ್ಷ ಅದಕ್ಕೆ ಕೆಲಸವೇ ಇರಲಿಲ್ಲ. ನ್ಯಾಯಾಧೀಶರನ್ನು, ಸರ್ಕಾರಿ ವಕೀಲರನ್ನು, ಆರೋಪಿಗಳ ಪರ ವಕೀಲರನ್ನು ಹುಡುಕಿ ನೇಮಿಸಿ ಅದನ್ನು ನಿಜವಾದ ಕೋರ್ಟ್ ಮಾಡಿದ್ದು 1999ರ ನಂತರ.

1999ರಲ್ಲಿ ಏನಾಯಿತು?

ಇಂಗ್ಲೆಂಡಿನ ಕೆಂಟ್ ಪೊಲೀಸ್ ಇಲಾಖೆಯಿಂದ ಒಬ್ಬ ಮಹಿಳಾ ಅಧಿಕಾರಿ ತಾತ್ಕಾಲಿಕವಾಗಿ ದ್ವೀಪಕ್ಕೆ ಬಂದಿದ್ದರು. ದ್ವೀಪದ ಹುಡುಗಿಯೊಬ್ಬಳ ಮೇಲಾದ ದೌರ್ಜನ್ಯದ ವಿಷಯ ಅವರ ಕಿವಿಗೆ ಬಿತ್ತು. ಅಲ್ಲಿಂದ ತನಿಖೆ ಶುರು. ಪೊಲೀಸರು ನ್ಯೂಜಿಲೆಂಡ್, ಆಸ್ಟ್ರೇಲಿಯಾ ಅಂತ ಹೋಗಿ, ಪಿಟ್‌ಕೇರ್ನ್ ಬಿಟ್ಟು ಬಂದು ನೆಲೆಸಿದ್ದ ಹೆಂಗಸರನ್ನು ಮಾತಾಡಿಸಿದರು. ಒಬ್ಬೊಬ್ಬರಾಗಿ ಹೇಳತೊಡಗಿದಾಗ ನಲವತ್ತು ವರ್ಷ ಹಿಂದಿನ ಸಂಗತಿಗಳೂ ಹೊರಗೆ ಬಂದವು. ದ್ವೀಪದಲ್ಲೇ ಇದ್ದ ಏಳು ಗಂಡಸರ ಮೇಲೆ ಒಟ್ಟು 55 ಆರೋಪಗಳು. ಅವರಲ್ಲಿ ಆಗಿನ ಮೇಯರ್ ಕೂಡ ಒಬ್ಬರು. ಹೊರದೇಶದಲ್ಲಿದ್ದ ಇನ್ನೂ ಕೆಲವರ ಮೇಲೆ ಬೇರೆ ಆರೋಪಗಳು.

ಆಗ ದ್ವೀಪದ ಜನಸಂಖ್ಯೆ 47.

ವಿಚಾರಣೆಯನ್ನು ದ್ವೀಪದಲ್ಲೇ ಯಾಕೆ ನಡೆಸಿದರು? ನ್ಯೂಜಿಲೆಂಡ್‌ನಲ್ಲಿ ಸುಲಭ ಆಗುತ್ತಿರಲಿಲ್ಲವೇ?

ಆಗುತ್ತಿತ್ತು. ಅದಕ್ಕಾಗಿಯೇ ಬ್ರಿಟನ್ ಮತ್ತು ನ್ಯೂಜಿಲೆಂಡ್ ಒಪ್ಪಂದ ಮಾಡಿಕೊಂಡು, ಪಿಟ್‌ಕೇರ್ನ್ ಕೋರ್ಟ್ ನ್ಯೂಜಿಲೆಂಡ್ ನೆಲದಲ್ಲಿ ಕೂರಬಹುದು ಅಂತ 2002ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಒಂದು ಕಾಯ್ದೆಯನ್ನೇ ಮಾಡಿತ್ತು. ಒಂದು ದೇಶದ ಕೋರ್ಟ್ ಇನ್ನೊಂದು ದೇಶದಲ್ಲಿ ಕೂತು ತನ್ನದೇ ಕಾನೂನಿನ ಪ್ರಕಾರ ತೀರ್ಪು ಕೊಡುವುದು ತೀರಾ ಅಪರೂಪ. ಆದರೆ ನಮ್ಮ ವಿಚಾರಣೆ ನಮ್ಮ ದ್ವೀಪದಲ್ಲೇ ಆಗಬೇಕು ಅಂತ ಆರೋಪಿಗಳು ಪಟ್ಟು ಹಿಡಿದರು. ಅದು ಅವರ ಹಕ್ಕು. ಕೋರ್ಟ್ ಒಪ್ಪಿತು.

ಅಂಥ ಕಡೆ ಕೋರ್ಟ್ ನಡೆಸಿದ್ದಾದರೂ ಹೇಗೆ?

2004ರ ಸೆಪ್ಟೆಂಬರ್ ಕೊನೆಯಲ್ಲಿ ಆಡಮ್ಸ್‌ಟೌನ್‌ನ ಸಮುದಾಯ ಭವನವೇ ಕೋರ್ಟ್ ಆಯಿತು. ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಬ್ಲ್ಯಾಕಿ, ಜೊತೆಗೆ ಜೇನ್ ಲವೆಲ್ ಸ್ಮಿತ್ ಮತ್ತು ರಸೆಲ್ ಜಾನ್ಸನ್. ಮೂವರೂ ನ್ಯೂಜಿಲೆಂಡ್‌ನ ನ್ಯಾಯಾಧೀಶರು. ಸರ್ಕಾರದ ಪರ ಸೈಮನ್ ಮೂರ್, ಆರೋಪಿಗಳ ಪರ ಪಾಲ್ ಡೇಕರ್ ಮತ್ತು ಜೊತೆಯವರು. ಆರೋಪಿಗಳ ವಕೀಲರ ಖರ್ಚನ್ನೂ ಬ್ರಿಟಿಷ್ ಸರ್ಕಾರವೇ ಕೊಟ್ಟಿತು. ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಮಾನ ಹೇಳಲು ಜನರಿಂದಲೇ ಆರಿಸುವ ಗುಂಪು, ಇರಲಿಲ್ಲ. 47 ಜನರಲ್ಲಿ ಆರೋಪಿಗೂ ದೂರುದಾರರಿಗೂ ನೆಂಟರಲ್ಲದ ಹನ್ನೆರಡು ಮಂದಿಯನ್ನು ಎಲ್ಲಿಂದ ತರುವುದು?

ದೂರು ಕೊಟ್ಟ ಹೆಂಗಸರು ಆಕ್ಲೆಂಡ್‌ನಲ್ಲಿ ಕೂತು ಸ್ಯಾಟಲೈಟ್ ವಿಡಿಯೋ ಮೂಲಕ ಸಾಕ್ಷಿ ಹೇಳಿದರು. ಈಗ ನಮಗೆ ಇದು ಮಾಮೂಲು. 2004ರಲ್ಲಿ, ಅದೂ ಪಿಟ್‌ಕೇರ್ನ್‌ನಲ್ಲಿ, ದೊಡ್ಡ ಸಾಹಸ. ಈ ಏರ್ಪಾಟು ಇಲ್ಲದಿದ್ದರೆ ಅವರಲ್ಲಿ ಎಷ್ಟು ಜನ ಬಾಯಿ ಬಿಡುತ್ತಿದ್ದರೋ ಅನ್ನುವ ಅನುಮಾನ ನನಗಿದೆ. ಆರೋಪಿಯ ಮನೆ ಎದುರಿನ ದಾರಿಯಲ್ಲೇ ನಡೆದುಹೋಗಿ, ಅವನ ಅಕ್ಕತಂಗಿಯರ ಮುಂದೆ ನಿಂತು ಸಾಕ್ಷಿ ಹೇಳುವುದು ಅಂದರೆ ಸಣ್ಣ ಮಾತಲ್ಲ.

ವಿಚಾರಣೆಗೆ ಮೊದಲು ದ್ವೀಪದವರ ಬಳಿ ಇದ್ದ ಬಂದೂಕುಗಳನ್ನು ತೆಗೆದಿಟ್ಟರು. ಜೈಲು ಕೂಡ ಹೊಸದಾಗಿ ಕಟ್ಟಿಸಿದರು. ಅದನ್ನು ಕಟ್ಟುವ ಕೆಲಸಕ್ಕೆ ಆರೋಪಿಗಳೂ ಕೈ ಹಾಕಿದ್ದರು, ಏಕೆಂದರೆ ಗಟ್ಟಿ ಮೈಯ ಗಂಡಸರು ಅಲ್ಲಿ ಅವರೇ. ಲಾಂಗ್‌ಬೋಟ್ ನಡೆಸುವವರಲ್ಲೂ ಅವರೇ ಹೆಚ್ಚು. ಇವರೆಲ್ಲ ಜೈಲಿಗೆ ಹೋದರೆ ಹಡಗಿನಿಂದ ಸಾಮಾನು ಇಳಿಸುವವರು ಯಾರು, ದ್ವೀಪವೇ ಬರಿದಾಗುತ್ತದೆ ಅನ್ನುವ ಭಯ ಊರಿನಲ್ಲಿ ನಿಜವಾಗಿಯೂ ಇತ್ತು.

ತೀರ್ಪು ಏನಾಯಿತು?

2004ರ ಅಕ್ಟೋಬರ್‌ನಲ್ಲಿ ಏಳರಲ್ಲಿ ಆರು ಮಂದಿ ತಪ್ಪಿತಸ್ಥರು ಅಂತ ತೀರ್ಪು ಬಂತು. ಒಬ್ಬರು ಖುಲಾಸೆಯಾದರು. ನಾಲ್ವರಿಗೆ ಎರಡರಿಂದ ಆರು ವರ್ಷದವರೆಗೆ ಸೆರೆವಾಸ, ಇಬ್ಬರಿಗೆ ಸಮುದಾಯ ಸೇವೆಯ ಶಿಕ್ಷೆ. ದ್ವೀಪ ಚಿಕ್ಕದು, ಎಲ್ಲರ ಕೈಯೂ ಬೇಕು ಅನ್ನುವುದನ್ನು ಶಿಕ್ಷೆ ನಿಗದಿ ಮಾಡುವಾಗ ಗಮನಿಸಿದ್ದರು. ಬ್ರಿಟನ್ನಿನಲ್ಲೋ ನ್ಯೂಜಿಲೆಂಡ್‌ನಲ್ಲೋ ಆಗಿದ್ದರೆ ಶಿಕ್ಷೆ ಜಾಸ್ತಿ ಇರುತ್ತಿತ್ತು ಅನ್ನುವ ಟೀಕೆ ಬಂತು. ನನಗೂ ಅದು ಸರಿ ಅನ್ನಿಸುತ್ತದೆ. ದ್ವೀಪಕ್ಕೆ ದುಡಿಯುವ ಕೈ ಬೇಕು, ನಿಜ. ಆದರೆ ನೊಂದವರ ಬಾಲ್ಯ ದ್ವೀಪದ ಅಳತೆಗೆ ತಕ್ಕಂತೆ ಚಿಕ್ಕದಾಗುವುದಿಲ್ಲವಲ್ಲ.

ಅಪೀಲಿನಲ್ಲಿ ಏನು ವಾದ ಮಾಡಿದರು?

ಈ ಕೇಸನ್ನು ಕಾನೂನು ಓದುವವರು ಇವತ್ತಿಗೂ ಚರ್ಚಿಸುವುದು ಈ ಅಪೀಲಿಗಾಗಿ. ವಾದಗಳು ಮುಖ್ಯವಾಗಿ ಮೂರು.

ಮೊದಲನೆಯದು: ನಮ್ಮ ಹಿರಿಯರು 1790ರಲ್ಲಿ ಬೌಂಟಿಗೆ ಬೆಂಕಿ ಇಟ್ಟಾಗಲೇ ಬ್ರಿಟನ್ನಿನ ನಂಟು ಕಡಿದುಕೊಂಡರು, ಹಾಗಾಗಿ ಪಿಟ್‌ಕೇರ್ನ್ ಬ್ರಿಟಿಷ್ ಪ್ರದೇಶವೇ ಅಲ್ಲ. ಕೇಳಲು ರೋಚಕ, ಆದರೆ ನಿಲ್ಲಲಿಲ್ಲ. 1838ರಿಂದಲೂ ದ್ವೀಪದವರೇ ಬ್ರಿಟಿಷ್ ಆಡಳಿತವನ್ನು ಒಪ್ಪಿ ನಡೆದಿದ್ದಾರೆ. ಅದಲ್ಲದೆ, ಒಂದು ಜಾಗ ತನ್ನದು ಅಂತ ಬ್ರಿಟಿಷ್ ಸರ್ಕಾರವೇ ಘೋಷಿಸಿದ ಮೇಲೆ ಬ್ರಿಟಿಷ್ ಕೋರ್ಟ್ ಅದನ್ನು ಪ್ರಶ್ನಿಸುವುದಿಲ್ಲ.

ಎರಡನೆಯದು ಗಟ್ಟಿ ವಾದ. ಆರೋಪ ಹೊರಿಸಿದ್ದು ಇಂಗ್ಲೆಂಡಿನ 1956ರ ಲೈಂಗಿಕ ಅಪರಾಧಗಳ ಕಾಯ್ದೆಯ ಕೆಳಗೆ. ಆ ಕಾಯ್ದೆಯನ್ನು ದ್ವೀಪದಲ್ಲಿ ಯಾರೂ ಪ್ರಕಟಿಸಿರಲಿಲ್ಲ, ಓದಿ ಹೇಳಿರಲಿಲ್ಲ. ಗೊತ್ತೇ ಇಲ್ಲದ ಕಾನೂನಿನಡಿ ಶಿಕ್ಷೆ ಕೊಡಬಹುದೇ? ಇದನ್ನು ನ್ಯಾಯಾಧೀಶರು ಹಗುರವಾಗಿ ತಳ್ಳಿಹಾಕಲಿಲ್ಲ. ಕಾನೂನು ಜನರಿಗೆ ಎಟಕುವಂತಿರಬೇಕು ಅನ್ನುವುದನ್ನು ಒಪ್ಪಿದರು. ಆದರೆ ಅತ್ಯಾಚಾರ, ಮಕ್ಕಳ ಮೇಲಿನ ದೌರ್ಜನ್ಯ ಅಪರಾಧ ಅಂತ ತಿಳಿಯಲು ಕಾಯ್ದೆಯ ಪುಸ್ತಕ ಬೇಕಾಗಿಲ್ಲ, ಆರೋಪಿಗಳಿಗೆ ಅದು ಗೊತ್ತೇ ಇತ್ತು ಅನ್ನುವುದು ಕೊನೆಯ ನಿಲುವು.

ಮೂರನೆಯದು: ಅಪರಾಧ ನಡೆದ ಕಾಲದಲ್ಲಿ ನ್ಯಾಯಾಧೀಶರೂ ಇಲ್ಲ, ಸರ್ಕಾರಿ ವಕೀಲರೂ ಇಲ್ಲ. ಎಲ್ಲವನ್ನೂ ನಮಗೋಸ್ಕರ ಆಮೇಲೆ ಹುಟ್ಟುಹಾಕಿದ್ದೀರಿ, ಇದು ಅನ್ಯಾಯ. ಇದೂ ಬಿತ್ತು. ಕೋರ್ಟಿಗೆ ಕಾನೂನಿನಲ್ಲಿ ಮೊದಲೇ ಜಾಗ ಇತ್ತು. ಕೆಲಸ ಬಂದಾಗ ಜನರನ್ನು ನೇಮಿಸಿದ್ದರಲ್ಲಿ ತಪ್ಪಿಲ್ಲ ಅಂದರು.

ಈ ಮೂರನೆಯ ವಾದದಲ್ಲಿ ಆರೋಪಿಗಳಿಗೆ ಬಿಡುಗಡೆ ಕೊಡುವಂಥದ್ದು ಏನೂ ಇಲ್ಲ. ಆದರೆ ಬ್ರಿಟಿಷ್ ಸರ್ಕಾರ ತಲೆ ತಗ್ಗಿಸಬೇಕಾದ ಮಾತು ಒಂದಿದೆ. ಕಾನೂನು ದಶಕಗಳಿಂದ ಇತ್ತು, ಅದನ್ನು ಹೊತ್ತು ತರುವವರು ಬರಲಿಲ್ಲ. ಮೊದಲೇ ಒಬ್ಬ ಪೊಲೀಸ್, ಒಬ್ಬ ಹೊರಗಿನ ಮ್ಯಾಜಿಸ್ಟ್ರೇಟ್ ಆಗಾಗ ಬಂದು ಹೋಗುತ್ತಿದ್ದರೆ, 1999ರವರೆಗೆ ಆ ಹುಡುಗಿಯರು ಕಾಯಬೇಕಿರಲಿಲ್ಲ.

ಹೆಸರು ಸುಪ್ರೀಂ ಕೋರ್ಟ್. ಮತ್ತೆ ಅಪೀಲು ಎಲ್ಲಿಗೆ?

ಪಿಟ್‌ಕೇರ್ನ್‌ನಲ್ಲಿ ಸುಪ್ರೀಂ ಕೋರ್ಟ್ ಅಂದರೆ ನಮ್ಮ ಹೈಕೋರ್ಟ್‌ಗೆ ಹತ್ತಿರದ್ದು. ಕೆಳಗೆ ಮ್ಯಾಜಿಸ್ಟ್ರೇಟ್ ಕೋರ್ಟ್, ಮೇಲೆ ಪಿಟ್‌ಕೇರ್ನ್ ಅಪೀಲು ಕೋರ್ಟ್, ಎಲ್ಲಕ್ಕಿಂತ ಮೇಲೆ ಲಂಡನ್ನಿನ ಪ್ರಿವಿ ಕೌನ್ಸಿಲ್. ಈ ಕೇಸು ಅಲ್ಲಿಯವರೆಗೂ ಹೋಯಿತು. ಲಾರ್ಡ್ ಹಾಫ್‌ಮನ್, ಲಾರ್ಡ್ ವುಲ್ಫ್, ಲಾರ್ಡ್ ಹೋಪ್ ಮುಂತಾದವರಿದ್ದ ಪೀಠ 2006ರ ಅಕ್ಟೋಬರ್ 30ರಂದು ಅಪೀಲುಗಳನ್ನು ವಜಾ ಮಾಡಿತು. ಅಲ್ಲಿಯವರೆಗೆ ತಡೆಹಿಡಿದಿದ್ದ ಶಿಕ್ಷೆ ಆಮೇಲೆ ಜಾರಿಗೆ ಬಂತು. ಜೈಲು ಕಾಯಲು ನ್ಯೂಜಿಲೆಂಡ್‌ನಿಂದ ಸಿಬ್ಬಂದಿ ಬಂದರು.

ಪ್ರಿವಿ ಕೌನ್ಸಿಲ್ ಅಂದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಕೇಳುತ್ತಿದ್ದ ಅದೇನಾ?

ಅದೇ. ಧಾರವಾಡ, ಬೆಳಗಾವಿ ಕಡೆಯ ಆಸ್ತಿ ವ್ಯಾಜ್ಯಗಳು ಬಾಂಬೆ ಹೈಕೋರ್ಟ್ ದಾಟಿ, ಮಂಗಳೂರು ಕಡೆಯವು ಮದ್ರಾಸ್ ಹೈಕೋರ್ಟ್ ದಾಟಿ ಅಲ್ಲಿಗೆ ಹೋಗಬಹುದಿತ್ತು. ಭಾರತ 1949ರಲ್ಲಿ ಆ ದಾರಿಯನ್ನು ಮುಚ್ಚಿತು. ಪಿಟ್‌ಕೇರ್ನ್‌ಗೆ ಅದು ಇನ್ನೂ ತೆರೆದಿದೆ.

ನಮ್ಮ ದೇಶದ ದ್ವೀಪಗಳಿಗೂ ಪ್ರತ್ಯೇಕ ಸುಪ್ರೀಂ ಕೋರ್ಟ್ ಇದೆಯಾ?

ಇಲ್ಲ. ಲಕ್ಷದ್ವೀಪ ಕೇರಳ ಹೈಕೋರ್ಟಿನ ಕೆಳಗೆ ಬರುತ್ತದೆ. ಅಂಡಮಾನ್ ನಿಕೋಬಾರ್ ಕಲ್ಕತ್ತಾ ಹೈಕೋರ್ಟಿನ ಕೆಳಗೆ, ಅದಕ್ಕೆ ಪೋರ್ಟ್ ಬ್ಲೇರ್‌ನಲ್ಲಿ (ಈಗಿನ ಶ್ರೀ ವಿಜಯಪುರಂ) ಸಂಚಾರಿ ಪೀಠ ಇದೆ. ಇಲ್ಲಿ ಇನ್ನೊಂದು ಮಾತು: ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಅಲ್ಲಿನ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಕಡಲಾಚೆಯ ಸಣ್ಣ ಊರುಗಳಿಗೆ ದೂರದಿಂದ ನ್ಯಾಯ ಒದಗಿಸುವ ಕಷ್ಟ ನಮ್ಮ ಕರಾವಳಿಗೂ ಹೊಸದೇನಲ್ಲ.

ಚಿಕ್ಕ ವಯಸ್ಸಿನ ಹುಡುಗಿಯರ ಜೊತೆಗಿನ ಸಂಬಂಧ ನಮ್ಮ ಪದ್ಧತಿ ಅಂತ ಪಿಟ್‌ಕೇರ್ನ್‌ನ ಹೆಂಗಸರೇ ಹೇಳಿದ್ದರಂತೆ, ನಿಜವಾ?

ವಿಚಾರಣೆಯ ಹೊತ್ತಿಗೆ ದ್ವೀಪದ ಹಲವು ಹೆಂಗಸರು ಪತ್ರಕರ್ತರ ಮುಂದೆ ಗಂಡಸರ ಪರ ನಿಂತಿದ್ದು ನಿಜ. ಪಾಲಿನೇಷ್ಯಾ ಕಡೆ ಹುಡುಗಿಯರು ಬೇಗ ಪ್ರಾಯಕ್ಕೆ ಬರುತ್ತಾರೆ, ಇದು ನಮ್ಮಲ್ಲಿ ಮಾಮೂಲು ಅನ್ನುವ ಅರ್ಥದ ಮಾತು ಬಂತು. ಅವರು ಅಲ್ಲೇ ಬಾಳಬೇಕಾದವರು. ಕಟಕಟೆಯಲ್ಲಿ ಇದ್ದವರು ಅವರ ಗಂಡಂದಿರು, ಮಕ್ಕಳು, ಅಣ್ಣತಮ್ಮಂದಿರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ದೂರು ಕೊಟ್ಟವರೂ ಅದೇ ದ್ವೀಪದ ಹೆಣ್ಣುಮಕ್ಕಳೇ. ಪದ್ಧತಿ ಅಂದರೆ ಏನು ಅಂತ ಹೇಳುವ ಹಕ್ಕು ಅವರಿಗೂ ಅಷ್ಟೇ ಇದೆ. ಕೋರ್ಟ್ ಅವರ ಮಾತನ್ನು ಕೇಳಿತು.

2004ರ ನಂತರ ಕೋರ್ಟಿಗೆ ಕೆಲಸ ಇತ್ತಾ?

ಇತ್ತು. ಹೊರದೇಶದಲ್ಲಿದ್ದ ಪಿಟ್‌ಕೇರ್ನ್ ಮೂಲದವರ ಕೇಸುಗಳು ನ್ಯೂಜಿಲೆಂಡ್‌ನಲ್ಲಿ ನಡೆದವು. 2016ರಲ್ಲಿ ಒಬ್ಬ ಮಾಜಿ ಮೇಯರ್‌ಗೆ ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಂಡಿದ್ದಕ್ಕೆ ಜೈಲು ಶಿಕ್ಷೆ ಆಯಿತು. ಆ ಕೇಸೂ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 2018ರಲ್ಲಿ ವಜಾ ಆಯಿತು.

2010ರ ಸಂವಿಧಾನದಿಂದ ಏನು ಬದಲಾಯಿತು?

2010ರ ಮಾರ್ಚ್‌ನಲ್ಲಿ ಪಿಟ್‌ಕೇರ್ನ್‌ಗೆ ಹೊಸ ಸಂವಿಧಾನ ಬಂತು. ಮೂಲಭೂತ ಹಕ್ಕುಗಳ ಪಟ್ಟಿ ಮೊದಲ ಬಾರಿಗೆ ಅದರಲ್ಲೇ ಸೇರಿತು. ಆ ಹಕ್ಕುಗಳಿಗೆ ಧಕ್ಕೆಯಾದರೆ ದೂರು ಹೋಗುವುದು ಇದೇ ಸುಪ್ರೀಂ ಕೋರ್ಟಿಗೆ. ಅಂದರೆ ದ್ವೀಪದ ಒಬ್ಬ ಸಾಮಾನ್ಯ ಮನುಷ್ಯ ಗವರ್ನರ್ ಆಡಳಿತದ ವಿರುದ್ಧವೂ ಅಲ್ಲಿಗೆ ಹೋಗಬಹುದು. ಕಾನೂನು ಮಾಡುವುದು ಗವರ್ನರ್, ನ್ಯಾಯಾಧೀಶರನ್ನು ನೇಮಿಸುವುದೂ ಗವರ್ನರ್. ಹೀಗಿರುವಾಗ ಕೋರ್ಟಿನ ಸ್ವಾತಂತ್ರ್ಯವನ್ನು ಸಂವಿಧಾನದಲ್ಲೇ ಬರೆದಿಟ್ಟಿದ್ದು ಒಳ್ಳೆಯದಾಯಿತು.

ಕೋರ್ಟಿನ ವ್ಯಾಪ್ತಿ ಎಷ್ಟು ದೊಡ್ಡದು?

ನೆಲ ನಾಲ್ಕು ದ್ವೀಪಗಳದ್ದೂ ಸೇರಿ 47 ಚದರ ಕಿಲೋಮೀಟರ್. ಸುತ್ತಲಿನ ಸಮುದ್ರ ಸುಮಾರು 8.3 ಲಕ್ಷ ಚದರ ಕಿಲೋಮೀಟರ್, ಅದು ಈಗ ಸಂರಕ್ಷಿತ ಸಾಗರ ಪ್ರದೇಶ.

ಈಗ ಅಲ್ಲಿ ದೂರು ಕೊಡಬೇಕಾದರೆ ಯಾರ ಬಳಿ ಹೋಗಬೇಕು?

ವಿಚಾರಣೆಯ ನಂತರ ಆದ ದೊಡ್ಡ ಬದಲಾವಣೆ ಇದೇ. ನ್ಯೂಜಿಲೆಂಡ್‌ನ ಪೊಲೀಸ್ ಅಧಿಕಾರಿಯೊಬ್ಬರು ಸರದಿಯ ಮೇಲೆ ದ್ವೀಪದಲ್ಲೇ ಇರುವ ಏರ್ಪಾಟಾಯಿತು. ಕುಟುಂಬ ಮತ್ತು ಮಕ್ಕಳ ಕ್ಷೇಮ ನೋಡಿಕೊಳ್ಳಲು ಒಬ್ಬ ಸಲಹೆಗಾರರು, ಗವರ್ನರ್ ಪರವಾಗಿ ಒಬ್ಬ ಆಡಳಿತಾಧಿಕಾರಿ ಕೂಡ ಹೊರಗಿನಿಂದ ಬಂದರು. ಇವರು ಯಾರೂ ಊರಿನ ಯಾವ ಮನೆತನಕ್ಕೂ ಸೇರಿದವರಲ್ಲ. ಸುಪ್ರೀಂ ಕೋರ್ಟ್ ಇವತ್ತಿಗೂ ಕೇಸು ಇದ್ದಾಗ ಮಾತ್ರ ಕೂರುತ್ತದೆ, ನ್ಯಾಯಾಧೀಶರು ಇರುವುದು ಸಾವಿರಾರು ಕಿಲೋಮೀಟರ್ ಆಚೆ. ಆದರೆ ಮೊದಲ ಮಾತನ್ನು ಕೇಳಿಸಿಕೊಂಡು, ಬರೆದುಕೊಂಡು, ಮೇಲಕ್ಕೆ ಕಳಿಸುವವರು ಈಗ ಆಡಮ್ಸ್‌ಟೌನ್‌ನಲ್ಲೇ ಸಿಗುತ್ತಾರೆ.